ಇಲ್ಲದ ಪ್ರಿಂಟರಿನ ಒಂಬತ್ತು ಹಾಳೆ

ನೀರು ಸರಬರಾಜು ಕಚೇರಿಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಕಾರ್ಡಮ್ಮ ಎಂದು. ನಿಜ ಹೇಳಬೇಕೆಂದರೆ ಕಾರ್ಡನ್ನು ಆಕೆ ಕೈಯಲ್ಲಿ ಹಿಡಿದವಳೇ ಅಲ್ಲ. ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ಪಟ್ಟಿ ಮಾಡುವ ಮುದಿ ಪ್ರೋಗ್ರಾಮೊಂದು ಅಲ್ಲಿತ್ತು. ಅದು ಓದಿದರೆ ತೂತು ಹೊಡೆದ ರಟ್ಟಿನ ಕಾರ್ಡನ್ನೇ ಓದಬೇಕು, ಬರೆದರೆ ಬೀರುವಿನಷ್ಟು ದೊಡ್ಡ ಪ್ರಿಂಟರಿಗೇ ಬರೆಯಬೇಕು. ಆ ಯಂತ್ರಗಳು ಗುಜರಿ ಸೇರಿ ಎಷ್ಟೋ ವರ್ಷವಾಗಿತ್ತು. ಪ್ರೋಗ್ರಾಮಿಗೆ ಈ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ. ಅದರ ಸಮಾಧಾನಕ್ಕೆ ಹೊಸ ಕಂಪ್ಯೂಟರಿನೊಳಗೆ ಇಲ್ಲದ ಕಾರ್ಡು ಯಂತ್ರ, ಇಲ್ಲದ ಪ್ರಿಂಟರು ಎರಡೂ ಇದ್ದಂತೆ ನಟಿಸಲು ಎರಡು ಸಣ್ಣ ತಂತ್ರಾಂಶಗಳನ್ನು ಹಚ್ಚಿದ್ದರು. ಆ ನಟರಿಗೂ ಆಪರೇಟಿಂಗ್ ಸಿಸ್ಟಮ್‌ಗೂ ನಡುವೆ ಮಾತುಕತೆ ನಡೆಸಿಕೊಡುವ ಡ್ರೈವರ್ ಬರೆಯುವುದು ಕಾರ್ಡಮ್ಮನ ಪಾಲಿಗೆ ಬಂದಿತ್ತು.

ಮನೆಯಲ್ಲಿ ಇನ್ನೊಂದು ಪೀಕಲಾಟ. ಆ ಪ್ರೋಗ್ರಾಮಿನ ಕಾರ್ಡುಗಳನ್ನೆಲ್ಲ ಒಂದೊಂದಾಗಿ ತೂತು ಹೊಡೆದವರು ಅವಳ ಅತ್ತೆ. ಅದೇ ಕಚೇರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದವರು.

"ಕಾರ್ಡು ಇಡೋ ಮುಂಚೆ ಮೇಜಿಗೆ ತಟ್ಟಿ ಅಂಚು ಸರಿ ಮಾಡ್ಕೊಂಡ್ಯಾ?" ಎಂದು ಅತ್ತೆ ದಿನಾ ಕೇಳುತ್ತಿದ್ದರು.

"ಅತ್ತೆ, ಕಾರ್ಡೇ ಇಲ್ಲ."

"ಇಲ್ದಿರೋ ಕಾರ್ಡಾದ್ರೇನು, ಅಂಚು ಸರಿ ಇರ್ಬೇಡ್ವಾ?"

ಇವರ ಹತ್ತಿರ ಸಲಹೆ ಕೇಳುವುದುಂಟೆ ಎಂದು ಕಾರ್ಡಮ್ಮ ಮೂಗು ಮುರಿದಳು. ಅವಳು ಅಚ್ಚುಕಟ್ಟಿನ ಹೆಂಗಸು. ಡಬ್ಬಿಯ ಮೇಲೆ ಮುಚ್ಚಳ ಓರೆಯಾಗಿದ್ದರೂ ನಿದ್ದೆ ಬಾರದು. ಪ್ರೋಗ್ರಾಮ್ ಪ್ರತಿ ಸಾಲಿನ ಮೊದಲಲ್ಲೂ ಒಂದು ಅಕ್ಷರದಷ್ಟು ಜಾಗ ಖಾಲಿ ಬಿಟ್ಟಿರುವುದನ್ನು ಕಂಡು, ಇದೆಂಥ ದಂಡ ಎಂದು ಡ್ರೈವರಿನಲ್ಲಿ ಅದನ್ನು ಕತ್ತರಿಸಿ ಹಾಕಿದಳು.

ಬೀದಿಗೊಂದು ವಾಲ್ವ್. ಸೋಮವಾರ ಬೆಳಿಗ್ಗೆ ಹನ್ನೊಂದರಿಂದ ಹತ್ತೊಂಬತ್ತನೇ ವಾಲ್ವ್‌ವರೆಗೆ ನೀರು ಬಿಡುವ ಸರದಿ. ಇಲ್ಲದ ಪ್ರಿಂಟರು ಪಟ್ಟಿಯನ್ನು ಕಚೇರಿಯ ಇರುವ ಪ್ರಿಂಟರಿಗೆ ದಾಟಿಸಿತು. ಒಂದು ಹಾಳೆಯ ಪಟ್ಟಿ ಒಂಬತ್ತು ಹಾಳೆಯಾಗಿ ಬಂತು. ಹಾಳೆಗೊಂದೇ ಸಾಲು: 1ನೇ ವಾಲ್ವ್, 2ನೇ ವಾಲ್ವ್, ಹೀಗೆ ಒಂಬತ್ತರ ತನಕ. ಕಾರ್ಡಮ್ಮ ನೋಡುವಷ್ಟರಲ್ಲಿ ನೀರು ಬಿಡುವವನು ಹಾಳೆಗಳನ್ನು ಎತ್ತಿಕೊಂಡು ಸೈಕಲ್ ಹತ್ತಿಯಾಗಿತ್ತು.

ಒಂಬತ್ತು ಗಂಟೆಗೆ ದೂರಿನ ಕಿಟಕಿಯ ಮುಂದೆ ಒಂಬತ್ತು ಬೀದಿಯ ಜನ, ಒಬ್ಬೊಬ್ಬರ ಕೈಯಲ್ಲೂ ಖಾಲಿ ಬಕೆಟ್ಟು. ಕಿಟಕಿಯ ಗುಮಾಸ್ತ ಮೇಜಿನ ಕೆಳಗೆ ಏನನ್ನೋ ಹುಡುಕುವವನಂತೆ ಕೂತುಬಿಟ್ಟಿದ್ದ. ಅಷ್ಟರಲ್ಲಿ ಸಾಹೇಬರು ಮೊಣಕಾಲಿನವರೆಗೆ ಪ್ಯಾಂಟು ಮಡಚಿಕೊಂಡೇ ಒಳಗೆ ಬಂದರು. ಅವರ ಮನೆಗೆ ನೀರು ಬರುವುದು ಏಳನೇ ವಾಲ್ವಿನಿಂದ, ಅದೂ ಸಂಜೆ. ನಲ್ಲಿ ತೆರೆದಿಟ್ಟು ವಾಕಿಂಗ್ ಹೋಗಿದ್ದರಂತೆ. ತಿರುಗಿ ಬಂದಾಗ ಚಪ್ಪಲಿಗಳು ಅಂಗಳಕ್ಕೆ ತೇಲಿ ಬಂದಿದ್ದವು.

"ಶುಕ್ರವಾರದ ಪಟ್ಟಿ ಸರಿ ಬಂದ್ರೆ ಸರಿ. ಇಲ್ಲಾಂದ್ರೆ ಆ ಪ್ರೋಗ್ರಾಮ್ ಕಿತ್ತು ಹಾಕ್ತೀನಿ, ನಿಮ್ಮನ್ನ ದೂರಿನ ಕಿಟಕೀಲಿ ಕೂರಿಸ್ತೀನಿ," ಎಂದರು ಸಾಹೇಬರು.

ಕಾರ್ಡಮ್ಮ ಡ್ರೈವರನ್ನು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಮೂರು ದಿನ ತಲೆ ಕೆರೆದುಕೊಂಡರೂ ತಪ್ಪು ಸಿಗಲಿಲ್ಲ. ಗುರುವಾರ ಸಂಜೆ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಒಂಬತ್ತು ಹಾಳೆಗಳನ್ನು ಅತ್ತೆಯ ಮುಂದಿಟ್ಟಳು. ಬಟ್ಟೆ ಮಡಚುತ್ತಿದ್ದ ಅತ್ತೆ ಎರಡು ಹಾಳೆ ನೋಡಿದರು, ಮೂರನೆಯದಕ್ಕೆ ಬಿದ್ದು ಬಿದ್ದು ನಕ್ಕರು.

"ಸಾಲಿನ ಮೊದಲು ಖಾಲಿ ಜಾಗ ಇತ್ತಲ್ಲ, ಎಲ್ಲಿ ಹೋಯ್ತು?"

"ಸುಮ್ನೆ ದಂಡ ಅಂತ ತೆಗೆದ್ಬಿಟ್ಟೆ."

"ಅಯ್ಯೋ, ಅದು ಪ್ರಿಂಟರಿಗೆ ಕೊಡೋ ಆಜ್ಞೆ ಕಣೇ. ಆ ಜಾಗ ಅಚ್ಚಾಗೋದೇ ಇಲ್ಲ. ಖಾಲಿ ಇದ್ರೆ ಮುಂದಿನ ಸಾಲು, ಒಂದು ಅಂತಿದ್ರೆ ಹೊಸ ಹಾಳೆ. ನೀನು ಖಾಲಿ ತೆಗೆದೆ. ಅದು ಹನ್ನೊಂದರ ಮೊದಲನೇ ಒಂದನ್ನ ಆಜ್ಞೆ ಅಂದ್ಕೊಂಡು ನುಂಗಿ, ಹೊಸ ಹಾಳೆ ಎಳೀತು."

"ಮೊದಲೇ ಯಾಕೆ ಹೇಳ್ಲಿಲ್ಲ ಅತ್ತೆ?"

"ನೀನೆಲ್ಲಿ ಕೇಳ್ದೆ?"

ಕಾರ್ಡಮ್ಮನಿಗೆ ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು. ಶುಕ್ರವಾರ ಬೆಳಿಗ್ಗೆ ಒಂದೇ ಹಾಳೆ ಬಂತು, ಹನ್ನೊಂದರಿಂದ ಹತ್ತೊಂಬತ್ತು, ಒಂದರ ಕೆಳಗೊಂದು. ಬಕೆಟ್ಟುಗಳು ಮನೆಯಲ್ಲೇ ತುಂಬಿದವು.

"ಪ್ರೋಗ್ರಾಮ್ ಇರ್ಲಿ, ನೀವೂ ಇಲ್ಲೇ ಇರಿ," ಎಂದ ಸಾಹೇಬರು ಬಾಗಿಲು ಮುಚ್ಚಿ ದನಿ ತಗ್ಗಿಸಿದರು. "ಚಪ್ಪಲಿ ತೇಲಿದ್ದೊಂದು ಬಿಟ್ರೆ, ಸೋಮವಾರ ಬೆಳಿಗ್ಗೆ ನೀರು ಬಂದದ್ದು ನಮ್ಮನೆಯವಳಿಗೆ ಬಹಳ ಅನುಕೂಲ ಆಯ್ತಂತೆ. ಆ ತಪ್ಪನ್ನ ವಾರಕ್ಕೊಂದ್ಸಲ ಮಾಡಕ್ಕಾಗುತ್ತಾ?"

ನಾಲ್ಕು ದಿನ ಈ ಮುಖಕ್ಕೆ ಹೆದರಿ ಸತ್ತೆನಲ್ಲ ಎಂದು ಕಾರ್ಡಮ್ಮನಿಗೆ ನಗು ಬಂತು.

"ಧಾರಾಳವಾಗಿ ಸಾರ್. ಒಂದು ಚೀಟೀಲಿ ಬರೆದು ಸಹಿ ಹಾಕಿ ಕೊಡಿ. ಹನ್ನೊಂದರಿಂದ ಹತ್ತೊಂಬತ್ತರ ತನಕ ಬೀದಿಗೊಂದು ಪ್ರತಿ ಅಂಟಿಸ್ತೀನಿ."

ಸಾಹೇಬರು ಜೇಬಿಗೆ ಹಾಕಿದ್ದ ಕೈಯನ್ನು ಪೆನ್ನಿಲ್ಲದೆಯೇ ಹೊರಗೆ ತೆಗೆದರು.