ಅಂಡಮಾನಿನ ಅಕ್ಕನಿಗೆ ಉಡಿ ತುಂಬಿದ್ದು

ಜನವರಿ 18, ಭಾನುವಾರ. ಬೆಳಗಿನ ಆರೂವರೆಗೆ ಬರೆಯಲು ಕೂತಿದ್ದೇನೆ. ವಿಜಯಪುರದ ನಮ್ಮ ಮನೆಯಲ್ಲಿ ಅವ್ವ ಇನ್ನೂ ಎದ್ದಿಲ್ಲ. ಅಂಡಮಾನಿನಿಂದ ಬಂದು ಒಂಬತ್ತು ದಿನವಾಯಿತು. ಗಾಂಧಿ ಚೌಕದಲ್ಲಿ, ಬಬಲೇಶ್ವರದ ಸಂತೆಯಲ್ಲಿ, ಪ್ರವಾಸ ಹೆಂಗಾತು ಎಂದು ಕೇಳಿದವರಿಗೆಲ್ಲ "ಭಾಳ ಚಲೋ ಆತ್ರಿ" ಎಂದಿದ್ದೇನೆ. ಅದು ಸುಳ್ಳು.

ನಾನು ಹುಟ್ಟಿದ್ದು ಅಲ್ಲಿಯ ಒಂದು ಸಣ್ಣ ದ್ವೀಪದಲ್ಲಿ. ಅಪ್ಪ ಆಗ ಅಲ್ಲಿ ಊರಿಗೆ ಕರೆಂಟು ಕೊಡುವ ಜನರೇಟರ್ ನೋಡಿಕೊಳ್ಳುವ ನೌಕರಿಯಲ್ಲಿದ್ದ. ಚೊಚ್ಚಲ ಹೆರಿಗೆಗೆ ಅವ್ವ ನಿಡೋಣಿಯ ತವರಿಗೆ ಬರಬೇಕಿತ್ತು. ಗಾಳಿಮಳೆಗೆ ಹಡಗು ನಿಂತು ಬರಲಾಗಲಿಲ್ಲ. ಪಕ್ಕದ ಮನೆಯ ಬಂಗಾಳಿ ಹೆಂಗಸೇ ಬಾಣಂತನ ಮಾಡಿದಳು. ಎಣ್ಣೆ ಹಚ್ಚಿ ಎರೆದಳು, ಮೀನು ಮುಟ್ಟದ ಅವ್ವನಿಗಾಗಿ ಬೇರೆ ಗಡಿಗೆ ಇಟ್ಟು ಅನ್ನ ಮಾಡಿದಳು. ಅವ್ವ ಆಕೆಯನ್ನು ಅಕ್ಕ ಎಂದೇ ಕರೆದಳು. ನನಗೆ ಮೂರು ತುಂಬಿದಾಗ ನಾವು ಊರಿಗೆ ಮರಳಿದೆವು. "ನನಗ ತವರ್ಮನಿ ಎರಡು. ಒಮ್ಮೆ ಹೋಗಿ ಅಕ್ಕಗ ಉಡಿ ತುಂಬಬೇಕು" ಎಂದು ಅವ್ವ ಇಪ್ಪತ್ತೈದು ವರ್ಷ ಹೇಳುತ್ತಲೇ ಬಂದಳು.

ತಿಕೋಟಾದ ದ್ರಾಕ್ಷಿ ತೋಟ ಬಿಟ್ಟು ಅಪ್ಪ ಹೊರಡಲಿಲ್ಲ. ನಾನೇ ಅವ್ವನನ್ನು ಕರೆದುಕೊಂಡು ಹೋದೆ. ಇಳಿಯುವ ಜಾಗ ಹುಡುಕುವಾಗ ಫೋನಿನಲ್ಲಿ ಒಂದು ರೆಸಾರ್ಟಿನ ಫೋಟೊ ಬಂತು. ಕಡಲಿನ ಕಡೆ ಬಾಗಿದ ಒಂದು ಮರ. ಅವ್ವ ಫೋನು ಕಸಿದುಕೊಂಡಳು.

"ಇದ ಗಿಡ ನೋಡ ಯವ್ವಾ! ಅಕ್ಕನ ಮನಿ ಇಲ್ಲೇ ಬಾಜೂಕ."

"ಹೌದೇನ ಬೇ? ಹಂಗಾದ್ರ ಇದನ್ನ ಬುಕ್ ಮಾಡ್ತೇನಿ, ನಡಕೊಂಡ ಹೋಗಬಹುದು." ನನ್ನ ಜಾಣತನಕ್ಕೆ ನಾನೇ ಹಿಗ್ಗಿದ್ದೆ.

ಅವ್ವ ಹೇಳುತ್ತಿದ್ದ ಗುರುತುಗಳನ್ನು ಹೊರಡುವ ಮೊದಲೇ ಬರೆದುಕೊಂಡಿದ್ದೆ: ಹನ್ನೊಂದು. ಇಳಿದ ದಿನ ಸಿಕ್ಕಿದ್ದು ಎರಡು, ಜೆಟ್ಟಿ ಮತ್ತು ಆ ಮರ. ಅಡಿಕೆಪಟ್ಟಿಯ ಗೋಡೆಯ ಮನೆಗಳಿದ್ದಲ್ಲಿ ಸ್ಕೂಟರ್ ಬಾಡಿಗೆಯ ಅಂಗಡಿಗಳು. ಜನರೇಟರ್ ಮನೆಯಿದ್ದಲ್ಲಿ ಪಿಜ್ಜಾ ಅಂಗಡಿ. ಅಕ್ಕನ ಮನೆ ಎಲ್ಲೂ ಕಾಣಲಿಲ್ಲ. ಜೆಟ್ಟಿಯ ಹತ್ತಿರ ಚಹಾ ಮಾರುವ ಮುದುಕನೊಬ್ಬ ಅಕ್ಕನನ್ನು ಬಲ್ಲ. "ಈಗ ಮಗಳ ಕಡೆ ಇರ್ತಾಳೆ, ಬೇರೆ ದ್ವೀಪದಲ್ಲಿ. ನಿಮ್ಮ ನಸೀಬು, ರೇಷನ್ ಕಾರ್ಡಿನ ಕೆಲಸಕ್ಕೆ ಬಂದಿದ್ದಾಳೆ. ಹೇಳಿ ಕಳಿಸ್ತೀನಿ" ಎಂದ.

ಉಡಿ ತುಂಬುವವರು ತಮ್ಮ ಮನೆಗೆ ಕರೆದೇ ತುಂಬಬೇಕು ಎಂಬುದು ಅವ್ವನ ಹಟ. "ಮೂರು ದಿನ ರೊಕ್ಕಾ ಕೊಟ್ಟೇವಿ ಅಂದ್ರ ಇದು ನಮ್ಮ ಮನೀನ" ಎಂದಳು. ರೂಮಿನ ನೆಲ ಒರೆಸಿ, ಮಣೆಯಿಲ್ಲದ್ದಕ್ಕೆ ಟವೆಲ್ ಮಡಚಿ ಹಾಸಿ, ಮೇಜಿನ ಮೇಲೆ ದೇವರ ಫೋಟೊ ಇಟ್ಟಳು. ಊರಿಂದ ತಂದ ಅಕ್ಕಿ, ಕುಬಸದ ಖಣ, ಉತ್ತತ್ತಿ, ಅರಿಷಿಣ ಕೊಂಬು, ಎಲ್ಲ ತಟ್ಟೆಯಲ್ಲಿ ತಯಾರು.

ಅಕ್ಕ ಬಂದಾಗ ಗೇಟಿನ ಕಾವಲುಗಾರ, ಕೆಲಸದವರ ದಾರಿ ಹಿಂದುಗಡೆ ಎಂದು ಕೈ ತೋರಿಸುತ್ತಿದ್ದ. ಅವ್ವ ಬರಿಗಾಲಲ್ಲಿ ಓಡಿದಳು. ಇಬ್ಬರೂ ಅಪ್ಪಿಕೊಂಡು ಅತ್ತರು. ಅವ್ವ ತನ್ನ ಹರಕು ಹಿಂದಿಯಲ್ಲಿ ಅಂದಳು: "ಬರ್ರಿ ಅಕ್ಕಾ, ನಮ್ಮ ಮನಿಗೆ ಬರ್ರಿ."

"ನಿಮ್ಮ ಮನೆಗೆ?" ಅಕ್ಕ ಒಮ್ಮೆ ಒಳಗೆ ನೋಡಿದಳು. ಆಮೇಲೆ ನಕ್ಕು ಹೆಜ್ಜೆಯಿಟ್ಟಳು.

ಟವೆಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತಳು. ಅವ್ವ ಕುಂಕುಮ ಹಚ್ಚಿ ಸೆರಗಿಗೆ ಅಕ್ಕಿ ಹಾಕಿದಳು. "ಇನ್ನ ದೇವರಿಗೆ ಕೈ ಮುಗೀರಿ" ಎಂದಳು. ಅಕ್ಕ ಮೇಜಿನ ಕಡೆ ತಿರುಗಲಿಲ್ಲ. ಉಡಿ ಹಿಡಿದುಕೊಂಡೇ ಬಾಗಿಲು ದಾಟಿ ಈಜುಕೊಳದ ಅಂಚಿಗೆ ಹೋಗಿ, ಬಾಗಿ, ಒದ್ದೆ ಕಲ್ಲಿಗೆ ಹಣೆ ಮುಟ್ಟಿಸಿದಳು. ನೀರಿನಲ್ಲಿದ್ದ ಒಬ್ಬ ಹುಡುಗಿ ಫೋಟೊ ತೆಗೆದಳು.

"ನನ್ನ ತುಳಸಿ ಇಲ್ಲಿತ್ತು" ಎಂದಳು ಅಕ್ಕ.

ಅದೇ ಬೆಳಿಗ್ಗೆ ನಾನು ಆ ನೀರಿನಲ್ಲಿ ಕಾಲು ಬಡಿದು ಈಜು ಕಲಿಯುತ್ತಿದ್ದೆ.

ಅವ್ವ ಆಕೆಯ ಪಕ್ಕದಲ್ಲೇ ಕುಕ್ಕರಿಸಿದಳು. "ಮದಲ ಯಾಕ ಹೇಳಲಿಲ್ಲ ಅಕ್ಕಾ?"

"ಯಾರೂ ಕಸಿದುಕೊಳ್ಳಲಿಲ್ಲ, ನಾವೇ ಮಾರಿದೆವು. ನೀನು ಅಷ್ಟು ದೂರದಿಂದ ಬಂದು ನಮ್ಮ ಮನೆಗೆ ಬಾ ಅಂದೆ. ಹೇಗೆ ಹೇಳಲಿ?" ಮತ್ತೆ ನನ್ನ ಗಲ್ಲ ಹಿಂಡಿ, "ಇವಳನ್ನು ಎರೆದ ಬಚ್ಚಲು ಅಲ್ಲಿ, ಆ ಕುರ್ಚಿಗಳ ಹತ್ತಿರ. ಎಷ್ಟು ಕಿರುಚುತ್ತಿದ್ದಳು!" ಎಂದು ನಕ್ಕಳು. ಚಹಾ ಕುಡಿಯದೆ ಹೋದಳು.

"ಇಲ್ಲಿ ಇರೂದು ಬ್ಯಾಡ, ಬ್ಯಾರೆ ಕಡೆ ಹೋಗೂಣು" ಎಂದಳು ಅವ್ವ. ಕೊಟ್ಟ ಹಣ ವಾಪಸ್ ಬರುವುದಿಲ್ಲ ಎಂದು ನಾನು ವಾದ ಮಾಡಿದೆ. ಉಳಿದೆವು. ಈಗ ನನ್ನನ್ನು ಹೆಚ್ಚು ಚುಚ್ಚುವುದು ಆ ವಾದ.

ಮರುದಿನ ಚಹಾದ ಮುದುಕನ ಹತ್ತಿರ ಹೋದೆವು. ಅಕ್ಕ ಬೆಳಗಿನ ಹಡಗಿಗೆ ಹೋಗಿಬಿಟ್ಟಿದ್ದಳು. ಮಗಳ ಊರು ಯಾವುದು ಎಂದು ಅವನಿಗೂ ಗೊತ್ತಿಲ್ಲ. ನಾವಂತೂ ಕೇಳಿಯೇ ಇರಲಿಲ್ಲ.

ಆ ಉಡಿ ಲೆಕ್ಕಕ್ಕಿಲ್ಲ ಎನ್ನುತ್ತಾಳೆ ಅವ್ವ. "ಆಕಿ ಅಂಗಳದಾಗ ನಿಂತು ಆಕೀನ್ನ ಬೀಗರಂಗ ಕರದ್ನಲ್ಲ" ಎಂದು ದಿನಾ ಒಮ್ಮೆ ಅನ್ನುತ್ತಾಳೆ. ಅಕ್ಕನನ್ನು ನಿಡೋಣಿಗೆ ಕರೆತಂದು ಮತ್ತೊಮ್ಮೆ ತುಂಬಬೇಕಂತೆ. ಇದನ್ನು ಓದುವವರಲ್ಲಿ ಅಂಡಮಾನಿನ ಯಾವುದೇ ದ್ವೀಪದಲ್ಲಿ ನೌಕರಿಗೆ ಇರುವವರು, ಹೋಗಿಬರುವವರು ಇದ್ದರೆ ದಯವಿಟ್ಟು ವಿಚಾರಿಸಿ. ಹೆಸರು ಗೊತ್ತಿಲ್ಲ; ಅವ್ವನಿಗೆ ಆಕೆ ಅಕ್ಕ, ಊರಿನವರಿಗೆಲ್ಲ ದೀದಿ. ಅರವತ್ತು ದಾಟಿದ ಬಂಗಾಳಿ ಹೆಂಗಸು, ಮಗಳ ಮನೆಯಲ್ಲಿದ್ದಾಳೆ, ಹಿಂದೊಮ್ಮೆ ಕನ್ನಡದ ಬಾಣಂತಿಯೊಬ್ಬಳನ್ನು ನೋಡಿಕೊಂಡಿದ್ದಳು. ಸಣ್ಣ ಸುಳಿವು ಸಿಕ್ಕರೂ ಬರೆದು ತಿಳಿಸಿ.