ಅಬುಧಾಬಿಯಲ್ಲಿ ಹಿಮಕ್ಕೊಂದು ಕಾರು

ಅಕ್ಕನ ಗಂಡ ಎರಡು ದೊಡ್ಡ ಸೆಡಾನ್‌ಗಳನ್ನು ತಿಂಗಳುಗಟ್ಟಲೆ ಅಳೆದು ತೂಗಿ, ಕೊನೆಗೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲವಿರುವುದನ್ನೇ ಕೊಂಡರು. "ಹಿಮದಲ್ಲೂ ಜಾರುದಿಲ್ಲ ಮಾರಾಯ" ಎಂದು ಮನೆಗೆ ಬಂದವರಿಗೆಲ್ಲ ಸ್ನೋ ಮೋಡ್ ಬಟನ್ ಒತ್ತಿ ತೋರಿಸಿದ್ದೇ ತೋರಿಸಿದ್ದು. ಅಬುಧಾಬಿಯಲ್ಲಿ ಹಿಮ ಸಿಗುವುದು ಫ್ರೀಜರಿನಲ್ಲಿ ಮಾತ್ರ ಎಂದು ಅವರಿಗೆ ಹೇಳುವವರು ಯಾರು?

ಚಳಿಗಾಲದ ಒಂದು ಬೆಳಿಗ್ಗೆ ಮಳೆ ಹೊಯ್ದು ರಸ್ತೆಯೆಲ್ಲ ನೀರಾಯಿತು. ನಾನೂ ಭಾವನೂ ಅಲ್ ಮೀನಾ ಮಾರ್ಕೆಟಿಗೆ ಮೀನು ತರಲು ಹೋಗುವುದಿತ್ತು. ಅವರ ಫೋನ್ ಬಂತು: "ನಿನ್ನ ಹಳೆ ಕಾರೇ ತಕೊಂಡು ಬಾ. ನನ್ನದು ಕೆಸರಾಗ್ತದೆ."

ಹೋಗಿ ನೋಡಿದರೆ ಹಿಮವೀರನಿಗೆ ಹೊದಿಕೆ ಹೊದಿಸಿ ಮಲಗಿಸಿದ್ದರು. ನನ್ನ ಪಕ್ಕದಲ್ಲಿ ಕೂತು ಬೆಲ್ಟ್ ಬಿಗಿದದ್ದೇ ಉಪದೇಶ ಶುರುವಾಯಿತು: "ಮೆಲ್ಲ ಹೋಗು ಮಾರಾಯ, ಜಾರ್ತದೆ. ನಿನ್ನ ಕಾರಲ್ಲಿ ಸ್ನೋ ಮೋಡ್ ಇಲ್ಲ."