ವಿನುತಾ ಮೇಡಂ ಅವರ ಕೊಡೆಕಾಳಗ

ಹೊನ್ನಾವರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ವಿನುತಾ ಮೇಡಂ ಕುಮಟಾದವರು. ಎತ್ತರ ಐದಡಿಗೂ ಕಮ್ಮಿ. ಗತ್ತು ಮಾತ್ರ ರಂಗಸ್ಥಳಕ್ಕೆ ನುಗ್ಗುವ ಕಿರೀಟಧಾರಿಯದು. ಆ ದಿನ ಅವರಿಗೆ ನಿಜಕ್ಕೂ ಯುದ್ಧವಿತ್ತು. ಹೊಸ ಮಕ್ಕಳು ಈ ವಿಷಯ ಆರಿಸಿಕೊಳ್ಳದಿದ್ದರೆ ವಿಭಾಗಕ್ಕೆ ಬೀಗ ಎಂದು ಪ್ರಾಂಶುಪಾಲ ಶಾಂತಾರಾಮ ಸರ್ ಹೇಳಿಬಿಟ್ಟಿದ್ದರು.

"ಹೊಸಬರಿಗೆ ಸೈಕ್ಲೋಹೆಕ್ಸೇನ್ ತೋರಿಸ್ತೆ ಸರ್."

"ಎಂತಕ್ಕೆ ಮೇಡಂ, ಬಂದವ್ರೂ ಓಡೂಕಾ?"

ಮೇಡಂ ಜಗ್ಗಲಿಲ್ಲ. ಹೊಸಬರೆದುರು ಸೀನಿಯರ್ ಸೈನಿಕರು ಆರು ಮಂದಿ ಸೈಕ್ಲೋಹೆಕ್ಸೇನಿನ ಆರು ಇಂಗಾಲದ ಪರಮಾಣುಗಳಾಗಿ ಬಳೆಯಂತೆ ಸುತ್ತ ನಿಂತರು: ಒಬ್ಬ ಸ್ಟೂಲಿನ ಮೇಲೆ, ಪಕ್ಕದವ ನೆಲದ ಮೇಲೆ, ಹೀಗೆ. ಮೇಲಿನವರು ಕೈಯನ್ನು ನೆಟ್ಟಗೆ ಮೇಲಕ್ಕೆತ್ತಿದರು, ಕೆಳಗಿನವರು ಕೆಳಕ್ಕಿಳಿಸಿದರು. ಕೈಯಲ್ಲಿ ಜಲಜನಕವೆಂಬ ಕರವಸ್ತ್ರ. ಸ್ಟೂಲಿನ ಮೇಲಿದ್ದ ನರೇಶನ ಕೈಯಲ್ಲಿ ಮಾತ್ರ ಪರಮಾಣುಗಳ ದೊಡ್ಡ ಗುಂಪಿನ ಪಾತ್ರದಲ್ಲಿ ಅಪ್ಪನ ಮಹಾಕೊಡೆ. ಅವನೆದುರು ನೆಲದಲ್ಲಿದ್ದ ಶಿಶಿರ ಬ್ರೋಮಿನ್ ಎಂಬ ಕೆಂಪು ಚೆಂಡನ್ನು ಹೊರಬದಿಗೆ ಚಾಚಿದ್ದ.

ಕೊಡೆ ಬಿಚ್ಚಿದ್ದೇ ತಡ, ಸ್ಟೂಲಿನ ಮೇಲಿದ್ದ ಇನ್ನಿಬ್ಬರ ಕೈಗೆ ಕಡ್ಡಿ ಚುಚ್ಚಿತು. ನರೇಶ ಮೀನುಪೇಟೆಯ ಜನಜಂಗುಳಿಯ ರೂಢಿಯಂತೆ ಕೊಡೆಯನ್ನು ಹೊರಕ್ಕೆ ವಾಲಿಸಿದ.

"ವಾಲ್ಸಬೇಡ ಮಾರಾಯ!" ಮೇಡಂ ಗದರಿದರು. " ಅದು ಮೋಸ. ಬದಿಗೆ ಜಾಗ ಬೇಕಾದ್ರೆ ಬಳೆಯೇ ಮಗುಚಬೇಕು!"

ಮೇಲಿನವರು ಇಳಿದರು, ಕೆಳಗಿನವರು ಹತ್ತಿದರು. ಕೊಡೆ ಹೊರಬದಿಗೆ ಹಾಯಾಗಿ ಚಾಚಿತು. ಶಿಶಿರನ ಚೆಂಡು ನೆಟ್ಟಗೆ ಮೇಲೇರಿತು. ಅವನ ಪಕ್ಕದವಳ ಕರವಸ್ತ್ರ ನೆಟ್ಟಗೆ ಕೆಳಗೆ.

"ಸರ್, ನೀವೇ ಪ್ರತ್ಯಾಮ್ಲ, ಜಲಜನಕ ಕೀಳುವವ್ರು. ಆ ಕರವಸ್ತ್ರ ಎಳೀರಿ."

ನೋಡುತ್ತ ನಿಂತಿದ್ದ ಸರ್ ಬಂದು ಎಳೆದರು. ತಕ್ಷಣ ಚೆಂಡು ಹಾರಿತು, ಶಿಶಿರನೂ ಆ ಪಕ್ಕದವಳೂ ಪರಸ್ಪರ ಎರಡೂ ಕೈ ಹಿಡಿದರು. ಜೋಡಿ ಬಂಧ!

ಎರಡನೆಯ ಆಟದಲ್ಲಿ ಕೊಡೆ, ಚೆಂಡು ಎರಡೂ ಹೊರಬದಿಗೇ. ಸರ್ ಕರವಸ್ತ್ರ ಎಳೆದೇ ಎಳೆದರು. ಚೆಂಡು ಅಲುಗಲಿಲ್ಲ.

"ಎಂತ ಆತು ಇದಕ್ಕೆ?"

"ಚೆಂಡು ನೆಟ್ಟಗೆ ನಿಲ್ಲದೆ ಹೋಗುದಿಲ್ಲ ಸರ್. ಬಳೆ ಮಗುಚಿ ಅದು ನೆಟ್ಟಗಾದ್ರೆ ಕೊಡೆನೂ ನೆಟ್ಟಗಾಗಬೇಕು. ಚುಚ್ಚುವ ಕೊಡೆ ಅದಕ್ಕೆ ಒಪ್ಪುದಿಲ್ಲ."

ಹಿಂದಿನ ಬೆಂಚಿನಿಂದ ಹೊಸಬಳಾದ ಪ್ರಣಿತಾ ಎದ್ದಳು. "ಮೇಡಂ, ಕೊಡೆ ಬದ್ಲು ಸಣ್ಣ ಟೊಪ್ಪಿ ಹಿಡ್ದಿದ್ರೆ?"

ಮೇಡಂ ಮುಖ ಗೆದ್ದ ರಾಜನದಾಯಿತು. "ಅಷ್ಟು ಚುಚ್ಚುದಿಲ್ಲ. ಬಳೆ ಆಗೀಗ ಮಗುಚ್ತದೆ, ಚೆಂಡು ಬೇಗ ಹೋಗ್ತದೆ."

"ನಾ ನಿಲ್ತೆ!" ಎಂದು ಪ್ರಣಿತಾ ಟೊಪ್ಪಿ ಹಿಡಿದು ಸ್ಟೂಲಿಗೆ ಹತ್ತಿದಳು. ಅವಳ ಹಿಂದೆ ಬೆಂಚುಗಳೇ ಖಾಲಿಯಾದವು. ಕರವಸ್ತ್ರ ಹಿಡಿದೇ ನಿಂತಿದ್ದ ಶಾಂತಾರಾಮ ಸರ್, ಬೀಗ ಹಿಡಿದು ಬಾಗಿಲಲ್ಲಿ ಕಾದಿದ್ದ ಜವಾನನನ್ನು ಕರೆದರು: "ಬೀಗ ವಾಪಸ್ ಇಡು ಮಾರಾಯ. ಇನ್ನೂ ನಾಕು ಸ್ಟೂಲ್ ತಾ."